ಏಜೆಂಟ್‌ಗಳ ಭಿನ್ನಮತ ಬಗೆಹರಿಯದಿದ್ದಾಗ: ವಾದ-ಆಕ್ಷೇಪ ವ್ಯವಸ್ಥೆಯ ದೋಷ ನಿವಾರಣೆ ಕೈಪಿಡಿ

ತಾವಾಗಿ ತೀರ್ಮಾನ ಹೇಳುವ ಪ್ರೋಗ್ರಾಂಗಳಿಗೆ ಏಜೆಂಟ್ ಎನ್ನುತ್ತಾರೆ. ಒಂದೇ ಕೆಲಸಕ್ಕೆ ನಿಂತ ಮೂರು-ನಾಲ್ಕು ಏಜೆಂಟ್‌ಗಳು ತಲೆಗೊಂದು ಮಾತು ಹೇಳಿದರೆ ಮತ ಎಣಿಸಿ ಮುಗಿಸುವುದು ಸುಲಭ. ಆದರೆ ಎಣಿಕೆಯಲ್ಲಿ ಯಾರು ಯಾವ ಆಧಾರದ ಮೇಲೆ ಹಾಗೆಂದರು ಎಂಬುದು ಉಳಿಯುವುದಿಲ್ಲ. ಕೆಟ್ಟ ಸೆನ್ಸರ್ ಒಂದನ್ನೇ ನೋಡಿ ಇಬ್ಬರು ಮಾತಾಡಿದ್ದರೆ ಆ ಸೆನ್ಸರಿಗೆ ಎರಡು ಮತ ಬಿದ್ದಂತಾಗುತ್ತದೆ. ಅದಕ್ಕಾಗಿಯೇ ಏಜೆಂಟ್‌ಗಳಿಂದ ವಾದ ಮತ್ತು ಆಕ್ಷೇಪಗಳನ್ನು ಬರೆಸಿಕೊಂಡು, ಯಾವ ವಾದ ನಿಲ್ಲುತ್ತದೆ ಎಂದು ಲೆಕ್ಕ ಹಾಕುವ ಪದ್ಧತಿ ಬಂದಿದೆ. ಕಂಪ್ಯೂಟರ್ ವಿಜ್ಞಾನಿ ಫಾನ್ ಮಿನ್ ಡುಂಗ್ 1995ರಲ್ಲಿ ಇದಕ್ಕೆ ಸರಳವಾದ ಚೌಕಟ್ಟು ಕೊಟ್ಟರು. ವಾದಗಳು ಬಿಂದುಗಳು, ಆಕ್ಷೇಪಗಳು ಬಾಣಗಳು. ವಾದದೊಳಗೆ ಏನಿದೆ ಎಂದು ನೋಡುವ ಅಗತ್ಯವೇ ಇಲ್ಲ, ಬಾಣಗಳಿಂದಲೇ ಫಲಿತಾಂಶ ಬರುತ್ತದೆ.

ಈ ಪದ್ಧತಿಯ ಶಕ್ತಿ ಅದು, ತೊಂದರೆ ಹುಟ್ಟುವ ಜಾಗವೂ ಅದೇ. ಬಾಣ ತಪ್ಪಾಗಿದ್ದರೆ ಲೆಕ್ಕ ಎಷ್ಟೇ ಸರಿಯಿದ್ದರೂ ಉತ್ತರ ತಪ್ಪುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಲಕ್ಷಣ ಯಾವುದೇ ಇರಲಿ, ಮೊದಲು ಬಾಣಗಳನ್ನೇ ನೋಡಲು ಹೇಳಿದ್ದೇವೆ. ಲೆಕ್ಕ ಹಾಕುವ ಸಾಲ್ವರ್‌ಗಳಿಗೆ 2015ರಿಂದ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯುತ್ತಿದೆ, ಅವುಗಳ ಉತ್ತರಗಳನ್ನು ಒಂದಕ್ಕೊಂದು ತಾಳೆ ನೋಡಲಾಗುತ್ತದೆ. ಅನುಮಾನ ಮೊದಲು ನೀವು ಕೊಟ್ಟ ಇನ್‌ಪುಟ್ ಮೇಲಿರಲಿ.

ಉದಾಹರಣೆಗೆ ಒಂದು ಹನಿ ನೀರಾವರಿ ತೋಟ

ಇಡೀ ಕೈಪಿಡಿಗೆ ಒಂದೇ ಉದಾಹರಣೆ ಸಾಕು. ತೋಟದ ಮೋಟಾರು ಮತ್ತು ವಾಲ್ವ್‌ಗಳನ್ನು ನಾಲ್ಕು ಏಜೆಂಟ್‌ಗಳು ಸೇರಿ ನಡೆಸುತ್ತವೆ: ಮಣ್ಣು, ಹವಾಮಾನ, ಉಪಕರಣ ತಪಾಸಣೆ, ಮೋಟಾರು. ಒಂದು ಬೆಳಗಿನ ದಾಖಲೆ ಹೀಗಿದೆ (ವಾ ಎಂದರೆ ವಾದ):

ವಾ1, ಮಣ್ಣು: ನೀರು ಬೇಡ. ಆಧಾರ: 30 ಸೆಂ.ಮೀ. ಆಳದ ಟೆನ್ಸಿಯೋಮೀಟರ್ 2 ಸೆಂಟಿಬಾರ್ ತೋರಿಸುತ್ತಿದೆ.
ವಾ2, ಹವಾಮಾನ: ನೀರು ಬೇಕು. ಆಧಾರ: 4 ದಿನದಿಂದ ಮಳೆಯೂ ಇಲ್ಲ, ನೀರೂ ಬಿಟ್ಟಿಲ್ಲ, ದಿನಕ್ಕೆ 5 ಮಿ.ಮೀ.ಯಂತೆ 20 ಮಿ.ಮೀ. ಆವಿಯಾಗಿದೆ.
ವಾ3, ತಪಾಸಣೆ: ಆ ಟೆನ್ಸಿಯೋಮೀಟರ್ ರೀಡಿಂಗ್ ನಂಬುವಂತಿಲ್ಲ. ಆಧಾರ: ಮಳೆ ಇಲ್ಲದೆ, ವಾಲ್ವ್ ತೆರೆಯದೆ, ರೀಡಿಂಗ್ ರಾತ್ರಿ 80ರಿಂದ 2ಕ್ಕೆ ಬಿದ್ದಿದೆ.

ವಾ3ರ ತೂಕ ತಿಳಿಯಬೇಕಾದರೆ ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. ಟೆನ್ಸಿಯೋಮೀಟರ್ ಎಂದರೆ ನೀರು ತುಂಬಿದ ಕೊಳವೆ. ಕೆಳತುದಿಯಲ್ಲಿ ಸೆರಾಮಿಕ್ ಕಪ್, ಮೇಲೆ ನಿರ್ವಾತ ಅಳೆಯುವ ಗೇಜ್. ಮಣ್ಣು ಒಣಗಿದಷ್ಟೂ ಕಪ್ಪಿನ ಮೂಲಕ ನೀರನ್ನು ಎಳೆಯುತ್ತದೆ, ಮುಳ್ಳು ಏರುತ್ತದೆ. ಸುಮಾರು 80-85 ಸೆಂಟಿಬಾರ್ ದಾಟಿದರೆ ಕೊಳವೆಗೆ ಗಾಳಿ ಸೇರಿ ನೀರಿನ ಕಂಬ ಮುರಿಯುತ್ತದೆ, ಮುಳ್ಳು ಸೊನ್ನೆಯ ಕಡೆಗೆ ಇಳಿಯುತ್ತದೆ. ಮಣ್ಣು ತೀರಾ ಒಣಗಿದಾಗ ಗೇಜ್ ‘ತೀರಾ ಒದ್ದೆ’ ಎನ್ನುವುದು ಹೀಗೆ. ಮಣ್ಣು ಏಜೆಂಟ್ ಸುಳ್ಳು ಹೇಳುತ್ತಿಲ್ಲ, ಗೇಜ್ ತೋರಿಸಿದ್ದನ್ನೇ ಹೇಳುತ್ತಿದೆ.

ಬಾಣಗಳು: ವಾ1 ಮತ್ತು ವಾ2 ಪರಸ್ಪರ ಎದುರು. ವಾ3ರಿಂದ ವಾ1ಕ್ಕೆ ಒಂದೇ ದಿಕ್ಕಿನ ಬಾಣ. ಲೆಕ್ಕ ಸರಳ. ಯಾರ ಆಕ್ಷೇಪವೂ ಇಲ್ಲದ ವಾದ ಒಳಗೆ, ಅಂದರೆ ಒಪ್ಪಿತ. ಅದು ಹೊಡೆದದ್ದು ಹೊರಗೆ. ತನ್ನನ್ನು ಹೊಡೆದವರೆಲ್ಲ ಹೊರಗಾದ ವಾದವೂ ಒಳಗೆ. ಹೊಸದಾಗಿ ಏನೂ ಸೇರದವರೆಗೂ ಇದನ್ನೇ ಮಾಡುತ್ತಾ ಹೋಗಿ. ವಾ3 ಒಳಗೆ, ವಾ1 ಹೊರಗೆ, ವಾ2 ಒಳಗೆ: ನೀರು ಬಿಡಿ. ಹೀಗೆ ಸಿಗುವ ಗುಂಪಿಗೆ ಗ್ರೌಂಡೆಡ್ ಎನ್ನುತ್ತಾರೆ. ಯಾವ ಚಿತ್ರಕ್ಕಾದರೂ ಅದು ಒಂದೇ ಇರುತ್ತದೆ, ಬೇಗ ಸಿಗುತ್ತದೆ, ಖಾಲಿಯಾಗಿಯೂ ಇರಬಹುದು.

ಚಿತ್ರ ಬಿಡಿಸುವ ಮೊದಲು: ಇದು ನಿಜವಾದ ಭಿನ್ನಮತವೇ?

ಇದಕ್ಕೆ ಹತ್ತು ನಿಮಿಷ ಕೊಡಿ. ಬಹಳಷ್ಟು ಜಗಳ ಇಲ್ಲೇ ಮುಗಿಯುತ್ತದೆ.

ಅಳತೆಯ ಮಾನ ನೋಡಿ. ಸೆಂಟಿಬಾರ್ ಮತ್ತು ಕಿಲೋಪಾಸ್ಕಲ್ ಒಂದೇ, ಅಲ್ಲಿ ಗೊಂದಲವಾಗದು. ಆದರೆ ತೇವಾಂಶದ ಶೇಕಡಾವಾರು ಮತ್ತು ಸೆಂಟಿಬಾರ್ ಎದುರುಬದುರು ದಿಕ್ಕಿನವು. ಶೇಕಡಾ ಏರಿದರೆ ಒದ್ದೆ, ಸೆಂಟಿಬಾರ್ ಏರಿದರೆ ಒಣ. ‘40’ ಎಂಬ ಬರೀ ಅಂಕಿಯನ್ನು ಇಬ್ಬರು ಏಜೆಂಟ್‌ಗಳು ಒಂದೊಂದು ಮಾನದಲ್ಲಿ ಓದಿಕೊಂಡರೆ ಅವರ ನಡುವೆ ಯಾವ ವಾದವೂ ಮುಗಿಯದು. ಆಧಾರದ ಪ್ರತಿ ಅಂಕಿಗೂ ಮಾನ ಕಡ್ಡಾಯ ಮಾಡಿ, ಮಾನವಿಲ್ಲದ ವಾದವನ್ನು ಒಳಗೆ ಬಿಡಬೇಡಿ.

ಸಮಯವನ್ನೂ ನೋಡಿ. ಮುನ್ಸೂಚನೆ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿ ಬರುತ್ತಿದ್ದರೆ ‘18:00ಕ್ಕೆ ಮಳೆ’ ಎಂದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ 11:30.

ಆಮೇಲೆ ಜಗಳ ಯಾವ ಬಗೆಯದು ಎಂದು ನೋಡಿ. ತರ್ಕದ ವಿದ್ವಾಂಸರಾದ ವಾಲ್ಟನ್ ಮತ್ತು ಕ್ರಾಬೆ 1995ರಲ್ಲಿ ಸಂವಾದದ ಬಗೆಗಳನ್ನು ಬೇರೆಬೇರೆ ಮಾಡಿ ತೋರಿಸಿದರು: ನಿಜ ಏನೆಂದು ಹುಡುಕುವುದು, ಏನು ಮಾಡಬೇಕೆಂದು ಚರ್ಚಿಸುವುದು, ಇರುವುದನ್ನು ಹಂಚಿಕೊಳ್ಳಲು ಚೌಕಾಸಿ ಮಾಡುವುದು, ಹೀಗೆ. ‘ಮಣ್ಣು ಒಣಗಿದೆಯೇ’ ಎಂಬುದು ಮೊದಲ ಬಗೆ. ‘ಈಗ ನೀರು ಬಿಡೋಣವೇ’ ಎರಡನೆಯದು. ‘ಮೂರು ತಾಕುಗಳಲ್ಲಿ ಯಾವುದಕ್ಕೆ ಮೊದಲು’ ಎಂಬುದು ಹಂಚಿಕೆ. ಹಂಚಿಕೆಯನ್ನು ವಾದದ ಚಿತ್ರಕ್ಕೆ ತುರುಕಿದರೆ ಮುಂದೆ ಹೇಳುವ ಬೆಸ ಸುತ್ತು ಹುಟ್ಟುತ್ತದೆ. ಮೋಟಾರು ಏಜೆಂಟ್ ‘ಈಗ ತ್ರೀಫೇಸ್ ಕರೆಂಟಿಲ್ಲ’ ಎಂದರೆ ಅದು ವಾ2ರ ಮೇಲಿನ ಆಕ್ಷೇಪವಲ್ಲ. ನೀರು ಬೇಕು ಎಂಬುದು ನಿಜವಾಗಿಯೇ ಉಳಿದಿದೆ, ಬಿಡುವ ಹೊತ್ತು ಮಾತ್ರ ಬೇರೆ. ಅದನ್ನು ವೇಳಾಪಟ್ಟಿಗೆ ಕಳಿಸಿ.

ಲಕ್ಷಣ: ತೀರ್ಪೇ ಬರುತ್ತಿಲ್ಲ, ಗ್ರೌಂಡೆಡ್ ಗುಂಪು ಖಾಲಿ

ಆಕ್ಷೇಪವಿಲ್ಲದ ವಾದ ಒಂದಾದರೂ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಗುಂಪು ಖಾಲಿಯಾಗಲೇಬೇಕು, ಸಾಲ್ವರ್ ತಪ್ಪಿಲ್ಲ. ಹಾಗಾದರೆ ಎಲ್ಲದರ ಮೇಲೂ ಬಾಣ ಬಿದ್ದದ್ದು ಏಕೆ?

ಅತಿ ಸಾಮಾನ್ಯ ಕಾರಣ, ಒಂದೇ ದಿಕ್ಕಿನ ಬಾಣವನ್ನು ಎರಡೂ ದಿಕ್ಕಿಗೆ ಬರೆದಿರುವುದು. ನಮ್ಮ ಚಿತ್ರದಲ್ಲಿ ವಾ3 ಮತ್ತು ವಾ1ರ ನಡುವೆ ಎರಡೂ ಕಡೆ ಬಾಣ ಹಾಕಿ ನೋಡಿ. ಆಕ್ಷೇಪವಿಲ್ಲದ ವಾದವೇ ಉಳಿಯುವುದಿಲ್ಲ. ಒಂದು ಕಡೆ ವಾ1 ಒಂಟಿ, ಇನ್ನೊಂದು ಕಡೆ ವಾ2 ಮತ್ತು ವಾ3 ಜೋಡಿ, ಎರಡೂ ಸಮ. ತೀರ್ಪಿಲ್ಲ, ಗಿಡಕ್ಕೆ ನೀರೂ ಇಲ್ಲ.

ಹೀಗಾಗುವುದು ಬಾಣ ಹಾಕುವ ಹಂತದಲ್ಲಿ ‘ಈ ಎರಡು ಮಾತು ಒಂದಕ್ಕೊಂದು ವಿರುದ್ಧವೇ?’ ಎಂದು ಕೇಳಿದಾಗ. ಭಾಷಾ ಮಾದರಿಗೆ (ಪಠ್ಯ ಓದಿ ಬರೆಯುವ ಎಐಗೆ) ಹಾಗೆ ಕೇಳಿದರೆ ‘ಹೌದು’ ಎನ್ನುತ್ತದೆ, ಪ್ರೋಗ್ರಾಂ ಎರಡೂ ಕಡೆ ಬಾಣ ಹಾಕುತ್ತದೆ. ಪ್ರಶ್ನೆಯನ್ನು ಮೂರಾಗಿ ಒಡೆಯಿರಿ:

ಒಂದು, ಇದರ ತೀರ್ಮಾನ ಅದರ ತೀರ್ಮಾನಕ್ಕೆ ಎದುರೇ? ಹೌದಾದರೆ ಎರಡೂ ದಿಕ್ಕಿಗೆ ಬಾಣ. ವಾ1 ಮತ್ತು ವಾ2 ಹೀಗಿವೆ.
ಎರಡು, ಅದರ ಆಧಾರವೇ ಸುಳ್ಳು ಎನ್ನುತ್ತಿದೆಯೇ? ಹೌದಾದರೆ ಬಾಣ ಆ ಆಧಾರಕ್ಕೆ ಬೀಳಬೇಕು. ಆಧಾರವನ್ನು ಬೇರೆ ವಾದವಾಗಿ ಬರೆದು ಅಲ್ಲಿಗೆ ಗುರಿ ಇಡಿ.
ಮೂರು, ಆಧಾರ ನಿಜವಿದ್ದರೂ ಅದರಿಂದ ಈ ತೀರ್ಮಾನ ಹುಟ್ಟದು ಎನ್ನುತ್ತಿದೆಯೇ? ಹೌದಾದರೆ ಬಾಣ ಒಂದೇ ದಿಕ್ಕಿಗೆ. ಇದನ್ನು ಬುಡ ಕಡಿಯುವ ಆಕ್ಷೇಪ ಎನ್ನೋಣ. ವಾ3 ಇಂಥದ್ದು.

ತರ್ಕಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಹೇತು ಎಂದರೆ ಕಾರಣ, ಸಾಧ್ಯ ಎಂದರೆ ಸಾಧಿಸಬೇಕಾದ ಮಾತು. ಎದುರು ಹೇತು ಇರುವುದು ಸತ್ಪ್ರತಿಪಕ್ಷ, ಹೇತುವೇ ನಿಲ್ಲದಿರುವುದು ಅಸಿದ್ಧ, ಹೇತು ಇದ್ದರೂ ಸಾಧ್ಯ ತಪ್ಪಿಹೋಗುವುದು ಸವ್ಯಭಿಚಾರ. ಹೇತ್ವಾಭಾಸಗಳ, ಅಂದರೆ ಹೇತುವಿನ ದೋಷಗಳ, ಈ ವಿಂಗಡಣೆ ಬಾಣದ ದಿಕ್ಕು ನಿರ್ಧರಿಸಲು ಇಂದಿಗೂ ಚೆನ್ನಾಗಿ ಒದಗುತ್ತದೆ. ಕಂಪ್ಯೂಟರ್ ಕಡೆಯಿಂದ ಮೊದಲ ಮತ್ತು ಮೂರನೆಯ ಬಗೆಯ ವ್ಯತ್ಯಾಸವನ್ನು 1987ರಲ್ಲಿ ಜಾನ್ ಪೊಲಾಕ್ ಸ್ಪಷ್ಟಪಡಿಸಿದರು.

ಇಲ್ಲೊಂದು ಸಣ್ಣ ಎಚ್ಚರಿಕೆ, ಆದರೆ ಪರಿಣಾಮ ದೊಡ್ಡದು. ಆಧಾರವನ್ನು ‘ಗೇಜ್ 2 ತೋರಿಸುತ್ತಿದೆ’ ಎಂದೇ ಬರೆಸಿ, ‘ಮಣ್ಣು ಒದ್ದೆಯಾಗಿದೆ’ ಎಂದಲ್ಲ. ಮೊದಲನೆಯದು ಯಾರೂ ಅಲ್ಲಗಳೆಯದ ಸಂಗತಿ, ಎರಡನೆಯದು ಆಗಲೇ ಅರ್ಧ ತೀರ್ಮಾನ. ತೀರ್ಮಾನ ಆಧಾರದೊಳಗೆ ನುಸುಳಿದರೆ ಬುಡ ಕಡಿಯಲು ಬುಡವೇ ಕಾಣುವುದಿಲ್ಲ.

ಬಾಣಗಳೆಲ್ಲ ಸರಿಯಿದ್ದೂ ಗುಂಪು ಖಾಲಿಯಿದ್ದರೆ ಸುತ್ತುಗಳನ್ನು, ಅಂದರೆ ಬಾಣ ಹಿಡಿದು ಹೋದರೆ ಹೊರಟಲ್ಲಿಗೇ ಮರಳುವ ದಾರಿಗಳನ್ನು ಹುಡುಕಿ, ಉದ್ದ ಎಣಿಸಿ. ಸಮ ಸಂಖ್ಯೆಯ ಸುತ್ತು, ಅಂದರೆ ಎರಡು ಅಥವಾ ನಾಲ್ಕು ವಾದಗಳದ್ದು, ನಿಜವಾದ ಭಿನ್ನಮತವೇ ಇರಬಹುದು. ಅದಕ್ಕೆ ಹೊಸ ಪುರಾವೆ ಬೇಕು ಅಥವಾ ಯಾವ ವಾದ ಮೇಲು ಎಂಬ ಪ್ರಾಶಸ್ತ್ಯ ಬೇಕು. ಬೆಸ ಸಂಖ್ಯೆಯದು ಬಹುಪಾಲು ಬರೆದವರ ತಪ್ಪು. ‘ಮೂರನೇ ತಾಕಿಗಿಂತ ಎರಡನೆಯದು ಮೊದಲು, ಎರಡನೆಯದಕ್ಕಿಂತ ಒಂದನೆಯದು ಮೊದಲು, ಒಂದನೆಯದಕ್ಕಿಂತ ಮೂರನೆಯದು ಮೊದಲು’ ಎಂಬ ಸುತ್ತು ಹಂಚಿಕೆಯ ಪ್ರಶ್ನೆ, ವಾದದ್ದಲ್ಲ. ಬೆಸ ಸುತ್ತು ಮಾತ್ರ ಇರುವಲ್ಲಿ ಸ್ಟೇಬಲ್ ಗುಂಪು (ತಮ್ಮೊಳಗೆ ಬಾಣವಿಲ್ಲದೆ, ಹೊರಗಿನ ಪ್ರತಿ ವಾದವನ್ನೂ ಹೊಡೆಯುವ ವಾದಗಳ ಗುಂಪು) ಕೇಳಿದರೆ ಸಾಲ್ವರ್ ‘ಇಲ್ಲ’ ಎನ್ನುತ್ತದೆ. ಅದು ಸರಿಯಾದ ಉತ್ತರ, ಕ್ರ್ಯಾಶ್ ಎಂದುಕೊಂಡು ಮತ್ತೆ ಮತ್ತೆ ಓಡಿಸಬೇಡಿ.

ತನ್ನನ್ನೇ ಹೊಡೆದುಕೊಳ್ಳುವ ವಾದವೂ ಬೆಸ ಸುತ್ತೇ, ಉದ್ದ ಒಂದು. ‘ಈಗ ಯಾವ ಸೆನ್ಸರನ್ನೂ ನಂಬುವಂತಿಲ್ಲ’ ಎಂದು ಹೇಳುವ ಏಜೆಂಟಿನ ಆಧಾರವೂ ಒಂದು ಸೆನ್ಸರ್ ರೀಡಿಂಗ್ ಆಗಿದ್ದರೆ ಹೀಗಾಗುತ್ತದೆ. ಬೇರೆ ಯಾವ ವಾದವೂ ಅದನ್ನು ಹೊಡೆಯದಿದ್ದರೆ, ಅದೊಂದೇ ಇಡೀ ಚಿತ್ರಕ್ಕೆ ಸ್ಟೇಬಲ್ ಗುಂಪು ಇಲ್ಲದಂತೆ ಮಾಡುತ್ತದೆ. ಯಾವ ಸೆನ್ಸರ್ ಎಂದು ಹೆಸರು ಹಿಡಿದು ಬರೆಯುವಂತೆ ನಿಯಮ ಮಾಡಿದರೆ ಸಾಕು.

ಲಕ್ಷಣ: ಪ್ರಾಶಸ್ತ್ಯ ಕೊಟ್ಟ ಮೇಲೆ ಎದುರುಬದುರು ವಾದಗಳೆರಡೂ ಗೆದ್ದಿವೆ

ಈ ದೋಷ ಕಣ್ಣಿಗೆ ಬೀಳುವುದೇ ಕಷ್ಟ, ಏಕೆಂದರೆ ತೀರ್ಪು ಸರಾಗವಾಗಿ ಬಂದಿರುತ್ತದೆ. ಮಣ್ಣು ಏಜೆಂಟ್ ನೇರ ಅಳತೆ ಕೊಡುವುದರಿಂದ ಅದಕ್ಕೆ ಉಳಿದ ಎರಡಕ್ಕಿಂತ ಮೇಲಿನ ಸ್ಥಾನ ಕೊಟ್ಟಿದ್ದೀರಿ ಎನ್ನಿ. ನಿಯಮ ಹೀಗಿದೆ: ಕೆಳಗಿನ ಸ್ಥಾನದ ವಾದ ಮೇಲಿನದನ್ನು ಹೊಡೆದರೆ ಆ ಬಾಣ ಅಳಿಸು. ವಾ2ರಿಂದ ವಾ1ಕ್ಕೆ ಇದ್ದ ಬಾಣ ಹೋಯಿತು. ವಾ3ರಿಂದ ವಾ1ಕ್ಕೆ ಇದ್ದದ್ದೂ ಹೋಯಿತು. ಉಳಿದದ್ದು ವಾ1ರಿಂದ ವಾ2ಕ್ಕೆ. ಈಗ ವಾ1 ಮತ್ತು ವಾ3 ಎರಡೂ ಒಳಗೆ. ‘ರೀಡಿಂಗ್ 2 ಇದೆ, ನೀರು ಬೇಡ’ ಎಂಬುದೂ ಒಪ್ಪಿತ, ‘ಆ ರೀಡಿಂಗ್ ನಂಬುವಂತಿಲ್ಲ’ ಎಂಬುದೂ ಒಪ್ಪಿತ!

ಕಾರಣ: ಎರಡೂ ದಿಕ್ಕಿನ ಬಾಣಗಳಲ್ಲಿ ಒಂದನ್ನು ಅಳಿಸಿದರೆ ಇನ್ನೊಂದು ಉಳಿದಿರುತ್ತದೆ, ವಿರೋಧ ಮಾಯವಾಗುವುದಿಲ್ಲ. ಒಂದೇ ದಿಕ್ಕಿನದನ್ನು ಅಳಿಸಿದರೆ ವಿರೋಧದ ಗುರುತೇ ಉಳಿಯುವುದಿಲ್ಲ. ಪರಿಹಾರ ಎರಡು ಬಗೆ. ಬುಡ ಕಡಿಯುವ ಆಕ್ಷೇಪಕ್ಕೆ ಪ್ರಾಶಸ್ತ್ಯ ಅನ್ವಯಿಸದಂತೆ ಮಾಡುವುದು ಒಂದು. ಆಧಾರ ಮತ್ತು ನಿಯಮಗಳಿಂದ ವಾದ ಕಟ್ಟುವ ಆಸ್ಪಿಕ್ ಪ್ಲಸ್ ಎಂಬ ಚೌಕಟ್ಟಿನಲ್ಲಿ ಹಾಗೆಯೇ ಇದೆ. ಬಾಣವನ್ನು ಅಳಿಸುವ ಬದಲು ತಿರುಗಿಸುವುದು ಇನ್ನೊಂದು. ಈ ತೋಟದಂಥ ಕಡೆ ಮೊದಲನೆಯದೇ ಸರಿ. ಸೆನ್ಸರ್ ಕೆಟ್ಟಿದೆ ಎಂಬ ಮಾತು ಯಾವ ಸ್ಥಾನದವರಿಂದ ಬಂದರೂ ಕೇಳಿಸಿಕೊಳ್ಳಲೇಬೇಕು. ತಿರುಗಿಸುವ ಕ್ರಮದಲ್ಲಿ ವಾ3 ಸೋತು, ಒಣಗಿದ ಮಣ್ಣಿಗೆ ನೀರು ತಪ್ಪುತ್ತದೆ.

ಲಕ್ಷಣ: ಎರಡೆರಡಾಗಿ ನೋಡಿದರೆ ಸರಿ, ಒಟ್ಟಿಗೆ ನೋಡಿದರೆ ಆಗದ ಮಾತು

‘ಒಂದನೇ ವಾಲ್ವ್ ತೆರೆ’, ‘ಎರಡನೇ ವಾಲ್ವ್ ತೆರೆ’, ‘ಈ ಮೋಟಾರಿನ ಒತ್ತಡಕ್ಕೆ ಒಮ್ಮೆಗೆ ಒಂದೇ ವಾಲ್ವ್’. ಯಾವ ಎರಡನ್ನು ತೆಗೆದುಕೊಂಡರೂ ವಿರೋಧವಿಲ್ಲ, ಆದ್ದರಿಂದ ಬಾಣವೂ ಇಲ್ಲ, ಮೂರೂ ಒಳಗೆ. 2007ರಲ್ಲಿ ಸಂಶೋಧಕರಾದ ಕಾಮಿನಾಡ ಮತ್ತು ಆಮ್ಗುಡ್ ಈ ಬಗೆಯ ದೋಷವನ್ನು ತೋರಿಸಿಕೊಟ್ಟು, ಅಂಗೀಕೃತ ತೀರ್ಮಾನಗಳೆಲ್ಲ ಒಟ್ಟಾಗಿಯೂ ಹೊಂದಿಕೊಳ್ಳಬೇಕು ಎಂಬ ಷರತ್ತುಗಳನ್ನು ಬರೆದರು. ಪರಿಹಾರ: ಎಂದೂ ತಪ್ಪದ ನಿಯಮಗಳನ್ನು ಎಲ್ಲ ದಿಕ್ಕಿನಿಂದಲೂ ಬರೆಯಿರಿ. ‘ಒಂದೇ ವಾಲ್ವ್’ ಮತ್ತು ‘ಒಂದನೆಯದು ತೆರೆದಿದೆ’ ಎಂದರೆ ‘ಎರಡನೆಯದು ಮುಚ್ಚಿರಬೇಕು’. ‘ಎರಡನೆಯದು ತೆರೆದಿದೆ’ ಎಂದರೆ ‘ಒಂದನೆಯದು ಮುಚ್ಚಿರಬೇಕು’. ಆಗ ಬಾಣಗಳು ತಾವಾಗಿ ಹುಟ್ಟುತ್ತವೆ.

ಲಕ್ಷಣ: ವಾದ ಮುಗಿಯುವುದೇ ಇಲ್ಲ

ಹೇಳಿದ್ದನ್ನೇ ಹೇಳುತ್ತಿದ್ದಾರೆ. ಗ್ರೌಂಡೆಡ್ ಲೆಕ್ಕವನ್ನು ಇಬ್ಬರು ಸರದಿಯಲ್ಲಿ ವಾದ ಹೂಡುವ ಆಟವಾಗಿಯೂ ಆಡಬಹುದು. ಅದರಲ್ಲಿ ಪ್ರತಿಪಾದಕ, ಅಂದರೆ ವಾದವನ್ನು ಸಮರ್ಥಿಸುವವನು, ಒಂದೇ ಸಾಲಿನಲ್ಲಿ ತನ್ನ ವಾದವನ್ನು ಮತ್ತೆ ಹೂಡುವಂತಿಲ್ಲ ಎಂಬ ನಿಯಮವಿದೆ. ನಿಮ್ಮಲ್ಲೂ ಅದು ಇರಬಹುದು, ಆದರೂ ಕೆಲಸ ಮಾಡುತ್ತಿಲ್ಲ ಎಂದರೆ ಪುನರಾವರ್ತನೆಯನ್ನು ಪಠ್ಯ ಹೋಲಿಸಿ ಹಿಡಿಯಲು ಹೊರಟಿದ್ದೀರಿ. ಭಾಷಾ ಮಾದರಿ ಅದೇ ವಾದವನ್ನು ಪ್ರತಿ ಸರದಿಯಲ್ಲೂ ಬೇರೆ ಮಾತಿನಲ್ಲಿ ಬರೆಯಬಲ್ಲದು. ವಾದದ ಗುರುತು ಮೂರರಿಂದ ಆಗಲಿ: ತೀರ್ಮಾನ, ಆಧಾರಗಳ ಸಂಖ್ಯೆಗಳು, ಬಳಸಿದ ನಿಯಮದ ಸಂಖ್ಯೆ. ಈ ಮೂರೂ ಒಂದೇ ಆಗಿದ್ದರೆ ಮಾತು ಎಷ್ಟೇ ಬೇರೆಯಿದ್ದರೂ ಅದು ಹಳೆಯ ವಾದವೇ, ಸರದಿ ರದ್ದು.

ಲಕ್ಷಣ: ಒಪ್ಪಿಗೆ ಬೇಗ ಬಂತು, ತೀರ್ಪು ತಪ್ಪು

ಭಾಷಾ ಮಾದರಿಗಳಿಂದ ಮಾಡಿದ ಏಜೆಂಟ್‌ಗಳಲ್ಲಿ ಇದು ಹೆಚ್ಚು. ಎದುರಿನವರು ಖಡಾಖಂಡಿತವಾಗಿ ಮಾತಾಡಿದರೆ ಇವು ಹೌದಪ್ಪಗಳಾಗಿಬಿಡುತ್ತವೆ. ದಾಖಲೆಯಲ್ಲಿ ‘ಹಿಂತೆಗೆದುಕೊಂಡೆ’ ಎಂಬ ಪ್ರತಿ ಸಾಲನ್ನೂ ಹಿಡಿದು, ಆ ವಾದದ ಮೇಲೆ ಅದಕ್ಕೆ ಮುನ್ನ ಬಾಣ ಬಿದ್ದಿತ್ತೇ ಎಂದು ನೋಡಿ. ಬಾಣವಿಲ್ಲದೆ ಹಿಂತೆಗೆದದ್ದು ಒಪ್ಪಿಗೆಯಲ್ಲ, ಶರಣಾಗತಿ. ತಡೆಯಲು ಎರಡು ಕ್ರಮ. ಮೊದಲ ಸುತ್ತಿನಲ್ಲಿ ಎಲ್ಲರೂ ಇತರರ ಮಾತು ನೋಡದೆ ತಮ್ಮ ವಾದ ದಾಖಲಿಸಲಿ. ಆಮೇಲೆ ಹಿಂತೆಗೆಯುವವರು ಯಾವ ಆಕ್ಷೇಪಕ್ಕೆ ಸೋತೆವು ಎಂದು ಅದರ ಸಂಖ್ಯೆ ಬರೆಯಲಿ.

ಆಧಾರಗಳ ಮೂಲವನ್ನೂ ಪರಿಶೀಲಿಸಿ. ಮೂವರು ಒಂದೇ ಟೆನ್ಸಿಯೋಮೀಟರ್ ನೋಡಿ ಮಾತಾಡಿದ್ದರೆ ಡುಂಗ್ ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ, ಅದು ತಲೆ ಎಣಿಸುವುದಿಲ್ಲ. ಆದರೆ ನೀವು ಮೇಲೆ ಅಂಕಗಳನ್ನು ಕೂಡಿಸುವ ಪದರ ಹಾಕಿದ್ದರೆ ಅಲ್ಲಿ ಒಂದೇ ಪುರಾವೆ ಮೂರಾಗುತ್ತದೆ. ವಾ3ರಂಥ ಬಾಣ ಮೂರಕ್ಕೂ ಬಿದ್ದಿದೆಯೇ ಎಂದೂ ನೋಡಿ. ಎಷ್ಟೋ ಸಲ ಮೊದಲನೆಯದಕ್ಕೆ ಮಾತ್ರ ಬಿದ್ದಿರುತ್ತದೆ.

ಇದರ ಇನ್ನೊಂದು ಮುಖ, ಹೇಳದೆ ಉಳಿದ ಆಕ್ಷೇಪ. ಸಹಕರಿಸುವ ಏಜೆಂಟ್‌ಗಳಲ್ಲಿ ಇದಕ್ಕೆ ಕಾರಣ ಕಪಟವಲ್ಲ, ಸರದಿಯ ಮಿತಿ ಅಥವಾ ಟೈಮ್‌ಔಟ್. ತೀರ್ಪು ಜಾರಿಗೆ ಮುನ್ನ ಗೆದ್ದ ವಾದಗಳನ್ನಷ್ಟೇ ಎಲ್ಲರಿಗೂ ಕಳಿಸಿ ‘ಇವುಗಳ ಮೇಲೆ ಹೇಳದ ಆಕ್ಷೇಪ ಇದೆಯೇ?’ ಎಂದು ಕೊನೆಯ ಕರೆ ಕೊಡಿ. ವಾ3 ತಡವಾಗಿ ಬರುವ ದಿನ ಈ ಒಂದು ಕರೆ ಬೆಳೆ ಉಳಿಸುತ್ತದೆ.

ಲಕ್ಷಣ: ಅದೇ ದಾಖಲೆ, ಓಡಿಸಿದಾಗಲೆಲ್ಲ ಬೇರೆ ತೀರ್ಪು

ಪ್ರಿಫರ್ಡ್ ಗುಂಪು (ತಮ್ಮೊಳಗೆ ಬಾಣವಿಲ್ಲದೆ, ಮೇಲೆ ಬಿದ್ದ ಪ್ರತಿ ಆಕ್ಷೇಪವನ್ನೂ ತಿರುಗಿ ಹೊಡೆಯುವ, ಇನ್ನು ಹಿಗ್ಗಿಸಲಾಗದ ಗುಂಪು) ಕೇಳುತ್ತಿದ್ದೀರಿ, ಅಂಥವು ಒಂದಕ್ಕಿಂತ ಹೆಚ್ಚಿವೆ, ಪ್ರೋಗ್ರಾಂ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದೆ. ‘ಯಾವುದಾದರೂ ಒಂದರಲ್ಲಿ ಇದ್ದರೆ ಸಾಕೇ, ಎಲ್ಲದರಲ್ಲೂ ಇರಬೇಕೇ’ ಎಂಬುದನ್ನು ಸಂರಚನೆಯಲ್ಲಿ ಬರೆದಿಡಿ. ನೀರು, ಔಷಧ, ಹಣದಂಥ ವಿಷಯಕ್ಕೆ ಎಲ್ಲದರಲ್ಲೂ ಇರಬೇಕು. ಆ ಲೆಕ್ಕ ಭಾರವಾದದ್ದು, ಹಾಗಾಗಿ ಮೊದಲು ಗ್ರೌಂಡೆಡ್ ಹಾಕಿ, ಬಗೆಹರಿಯದೆ ಉಳಿದ ಭಾಗಕ್ಕೆ ಮಾತ್ರ ಪ್ರಿಫರ್ಡ್ ಓಡಿಸಿ.

ಸಾಲ್ವರನ್ನೇ ಪರೀಕ್ಷಿಸಬೇಕೆನಿಸಿದರೆ ನಾಲ್ಕು ಪುಟ್ಟ ಚಿತ್ರಗಳು ಸಾಕು. ಕ್ಲಿಂಗೋ ಎಂಬ ತರ್ಕ ಲೆಕ್ಕದ ಸಾಧನದ ಮೇಲೆ ಓಡುವ ಆಸ್ಪಾರ್ಟಿಕ್ಸ್ ಎಂಬ ಸಿದ್ಧ ಸಾಲ್ವರ್ ಬಳಸಿದರೂ, ಸ್ವಂತ ಕೋಡ್ ಆದರೂ ಉತ್ತರ ಇವೇ ಬರಬೇಕು.

ಕ-ಖ-ಗ ಸರಪಳಿ, ಗ ಖವನ್ನು, ಖ ಕವನ್ನು ಹೊಡೆಯುತ್ತದೆ: ಗ್ರೌಂಡೆಡ್‌ನಲ್ಲಿ ಗ ಮತ್ತು ಕ.
ಕ ಮತ್ತು ಖ ಪರಸ್ಪರ: ಗ್ರೌಂಡೆಡ್ ಖಾಲಿ, ಪ್ರಿಫರ್ಡ್ ಎರಡು, ಸ್ಟೇಬಲ್ ಎರಡು.
ಮೂರರ ಸುತ್ತು: ಗ್ರೌಂಡೆಡ್ ಖಾಲಿ, ಪ್ರಿಫರ್ಡ್ ಒಂದೇ, ಅದೂ ಖಾಲಿ, ಸ್ಟೇಬಲ್ ಇಲ್ಲ.
ಕ ಮತ್ತು ಖ ಪರಸ್ಪರ, ಎರಡೂ ಗವನ್ನು ಹೊಡೆಯುತ್ತವೆ, ಗ ಘವನ್ನು: ಗ್ರೌಂಡೆಡ್ ಖಾಲಿ, ಪ್ರಿಫರ್ಡ್ ಎರಡು, ಘ ಎರಡರಲ್ಲೂ ಇದೆ.

ಕೊನೆಯ ಚಿತ್ರ ಮುಖ್ಯ. ಜಗಳ ಬಗೆಹರಿಯದಿದ್ದರೂ ಯಾರು ಗೆದ್ದರೂ ಘ ನಿಲ್ಲುತ್ತದೆ ಎಂಬುದು ಗ್ರೌಂಡೆಡ್‌ಗೆ ಕಾಣದು, ಪ್ರಿಫರ್ಡ್‌ಗೆ ಕಾಣುತ್ತದೆ.

ಎಲ್ಲ ಮಾಡಿಯೂ ಬಗೆಹರಿಯದಿದ್ದರೆ

ನಾಣ್ಯ ಚಿಮ್ಮಬೇಡಿ. ಯಾವ ಒಂದು ವಾದ ತೆಗೆದರೆ ಅಥವಾ ಸೇರಿಸಿದರೆ ತೀರ್ಪು ಬದಲಾಗುತ್ತದೆ ಎಂದು ಒಂದೊಂದಾಗಿ ತೆಗೆದು ನೋಡಿ. ಆ ವಾದದ ಆಧಾರವನ್ನೇ ಹೊಸದಾಗಿ ಅಳೆಯಬೇಕು. ನಮ್ಮ ತೋಟದಲ್ಲಿ ಅದು ವಾ1ರ ಗೇಜ್. 30 ಸೆಂ.ಮೀ. ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿಯಲು ಒಬ್ಬರಿಗೆ ಸಂದೇಶ ಹೋಗಲಿ. ಉಂಡೆ ಕಟ್ಟದೆ ಪುಡಿಯಾಗಿ ಉದುರಿದರೆ ವಾ3 ನಿಜ. ಅಲ್ಲಿಯವರೆಗೆ ಕಡಿಮೆ ನಷ್ಟದ ಕ್ರಮ ಜಾರಿಯಲ್ಲಿರಲಿ, ಉದಾಹರಣೆಗೆ ಅರ್ಧ ಪ್ರಮಾಣದ ನೀರು.

ದುರಸ್ತಿಯ ನಂತರ ಮರಳುವ ದೋಷ

ಟೆನ್ಸಿಯೋಮೀಟರಿಗೆ ಕುದಿಸಿ ಆರಿಸಿದ ನೀರು ತುಂಬಿ, ಕೈಪಂಪಿನಿಂದ ಗಾಳಿ ಎಳೆದು ಮತ್ತೆ ನೆಟ್ಟಿದ್ದಾರೆ. ರೀಡಿಂಗ್ ಸರಿ ಬರುತ್ತಿದೆ. ಆದರೂ ಮಣ್ಣು ಏಜೆಂಟಿನ ಪ್ರತಿ ವಾದವೂ ಸೋಲುತ್ತಿದೆ, ತೋಟದಲ್ಲಿ ನೀರು ನಿಲ್ಲುತ್ತಿದೆ. ಕಾರಣ, ವಾ3 ಇನ್ನೂ ಸಂಗ್ರಹದಲ್ಲಿದೆ. ಯಾವ ಆಕ್ಷೇಪವೂ ಇಲ್ಲದ ವಾದವಾದ್ದರಿಂದ ಅದು ಪ್ರತಿ ಲೆಕ್ಕದಲ್ಲೂ ಒಳಗೇ ಬರುತ್ತದೆ. ಬುಡ ಕಡಿಯುವ ಪ್ರತಿ ಆಕ್ಷೇಪಕ್ಕೂ ಮೂರು ಅಂಕಣ ಕಡ್ಡಾಯ ಮಾಡಿ: ಯಾವ ಉಪಕರಣದ ಮೇಲೆ, ಯಾವ ಹೊತ್ತಿನಿಂದ, ಯಾವ ಘಟನೆ ನಡೆದರೆ ರದ್ದು. ವಾ3ರ ಮೂರನೇ ಅಂಕಣದಲ್ಲಿ ‘ನೀರು ತುಂಬಿ ಮರುಜೋಡಣೆ’ ಎಂದಿರಬೇಕು, ಆ ನಮೂದು ಉಪಕರಣದ ದಾಖಲೆಗೆ ಬಿದ್ದ ಕ್ಷಣ ವಾ3 ಚಿತ್ರದಿಂದ ಹೊರಬೀಳಬೇಕು. ನೀರು ತುಂಬಿದ ಮೇಲೆ ಗೇಜ್ ಮಣ್ಣಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮೊದಲ 24 ಗಂಟೆಗೆ ಅದೇ ಉಪಕರಣದ ಮೇಲೆ ಹೊಸದೊಂದು, ತಾನಾಗಿ ಮುಗಿಯುವ ಆಕ್ಷೇಪವನ್ನು ಹಾಕಿಡಿ.